ಕಿಟಕಿಯ ಕೊತ್ತಂಬರಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅವನನ್ನು ಸೌಟಪ್ಪ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ. ಎದುರಿಗೆ ಹಾಗೆನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಪಾಳಿಯಿಂದ ಪಾಳಿಗೆ ನೂರಾರು ಜನರಿಗೆ ಬೇಯಿಸಿ ಹಾಕುವ ಅಡುಗೆಮನೆಗೆ ಅವನು ಮುಖ್ಯಸ್ಥ. ಬಲಗೈಯಲ್ಲಿ ಸದಾ ಉದ್ದ ಹಿಡಿಯ ಸೌಟು. ರುಚಿ ನೋಡುತ್ತಿದ್ದುದೂ ಅದರಲ್ಲೇ, ಕೈಕೆಳಗಿನವರ ಮೊಣಕೈ ಗಂಟಿಗೆ ಬಾರಿಸುತ್ತಿದ್ದುದೂ ಅದರಲ್ಲೇ. ಅಡುಗೆ ಮಾತ್ರ ಅಮೃತ. ಅಂಥ ಅಡುಗೆ ಮಾಡುವವನ ಮೇಲೆ ದೂರು ಹೇಳಿದರೆ ಕೇಳುವವರು ಯಾರು? ಉಂಡವರೆಲ್ಲ ಅವನ ಕಡೆ. ಏಟು ತಿಂದವರು ಊಟದ ಹೊತ್ತಿಗೆ ಹಿಂದುಗಡೆ ಪಾತ್ರೆ ತಿಕ್ಕುತ್ತಿದ್ದರು.

ಮನೆಯಲ್ಲೂ ಅವನದೇ ದರ್ಬಾರು. ಮಸಾಲೆ ಸಾಮಾನಿನ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವ ಗಂಡಸನ್ನು ನೀವು ನೋಡಿದ್ದೀರೋ ಇಲ್ಲವೋ, ಅವನ ಹೆಂಡತಿ ಮದುವೆಯಾದ ದಿನದಿಂದ ನೋಡಿದ್ದಳು. ಅಂಗಡಿಗೆ ತಾನೇ ಹೋಗಿ, ಮೂಟೆಯೊಳಗೆ ಮೊಣಕೈವರೆಗೆ ಕೈಯಿಳಿಸಿ, ತಳದ ಕಾಳನ್ನು ಹೊರತೆಗೆದು, ಅಂಗೈಯಲ್ಲಿ ಉಜ್ಜಿ ಮೂಸಿ, ಅಂಗಡಿಯವನ ತಾಳ್ಮೆ ಕೆಡುವವರೆಗೂ ಆರಿಸಿ ತರುತ್ತಿದ್ದ. ಬೆಳಿಗ್ಗೆ ಆ ದಿನಕ್ಕೆ ಬೇಕಾದಷ್ಟು ಕೊತ್ತಂಬರಿ ಕಾಳು, ಜೀರಿಗೆ, ಸಾಸಿವೆ, ಮೆಂತ್ಯ ಅಳೆದು ಹೊರಗಿಟ್ಟು ಮತ್ತೆ ಬೀಗ. ಸಂಜೆ ಬಂದು ಅವಳು ಬೇಯಿಸಿದ್ದನ್ನು ಒಂದು ತುತ್ತು ಬಾಯಿಗಿಟ್ಟು "ಸಪ್ಪೆ" ಎನ್ನುತ್ತಿದ್ದ. ಉಪ್ಪು ಹೆಚ್ಚಾಗಿದ್ದರೂ ಸಪ್ಪೆ, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಸಪ್ಪೆ. ಅವಳು ಹೊಸ ಬಟ್ಟೆ ತೊಟ್ಟು ಬಂದು ನಿಂತರೂ ಸಪ್ಪೆ. ಮಗಳು ತಾನೇ ಮೊದಲ ಸಲ ಹೊಲಿದ ಅಂಗಿಯನ್ನು ಹಾಕಿಕೊಂಡು ತೋರಿಸಿದಾಗಲೂ ಅದೇ ಮಾತು. ಮಗಳು ಆಮೇಲೆ ಅವನಿಗೆ ಏನನ್ನೂ ತೋರಿಸಲಿಲ್ಲ.

ಒಂದು ಸಲ ಹೆಂಡತಿ ಕೊತ್ತಂಬರಿ ಹುರಿಯುತ್ತಿದ್ದಾಗ ಕಾಳು ಕಂದು ಬಣ್ಣಕ್ಕೆ ತಿರುಗಿಬಿಟ್ಟಿತು. "ಬಣ್ಣ ತಿರುಗೋ ಮುಂಚೆ ಇಳಿಸು ಅಂತ ಎಷ್ಟು ಸಲ ಬಡ್ಕೊಂಡಿದೀನಿ?" ಎಂದವನೇ, ಒಲೆಯ ಮೇಲಿನ ಪಾತ್ರೆಯಲ್ಲಿದ್ದ ಸೌಟನ್ನು ತೆಗೆದು ಅವಳ ಮಣಿಕಟ್ಟಿಗೆ ಒತ್ತಿದ. ಅದು ಸಿಟ್ಟಿನ ಭರದಲ್ಲಿ ಆದದ್ದಲ್ಲ. ಒತ್ತಿ ಹಿಡಿದಿದ್ದ. ನಾನು ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಮುಂದೆ ಅವಳು ಮಾಡಿದ್ದನ್ನು ಕೇಳಿ ನೀವು "ಅಯ್ಯೋ ಪಾಪ, ಹಾಸಿಗೆ ಹಿಡಿದವನು" ಎಂದು ಮರುಗುವವರಿದ್ದೀರಿ. ಮರುಗಿ, ಬೇಡವೆನ್ನುವುದಿಲ್ಲ. ಆದರೆ ಎರಡೂ ಕಡೆಯದ್ದನ್ನು ಕೇಳಿ ಮರುಗಿ.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡಲು ಬೂಟಿನ ದಾರ ಕಟ್ಟುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಲಕ್ವ. ಬಲಗಾಲು, ಬಲಗೈ, ಮುಖದ ಬಲಭಾಗ ಮೂರೂ ಒಟ್ಟಿಗೆ ಕೈಕೊಟ್ಟವು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಮೊದಲು ಹೆಂಡತಿಯನ್ನು ನೋಡಿದ, ತುಟಿ ಸೊಟ್ಟ ಮಾಡಿ ಏನೇನೋ ಹೇಳಲು ಒದ್ದಾಡಿದ, ಕೊನೆಗೆ "ಸಪ್ಪೆ" ಎಂದ.

"ಮಾತು ಹೋಗಿದೆ, ಬುದ್ಧಿ ಹೋಗಿಲ್ಲ," ಎಂದರು ಡಾಕ್ಟರು. "ನೀವು ಹೇಳೋದೆಲ್ಲ ಅವರಿಗೆ ಗೊತ್ತಾಗುತ್ತೆ. ತಿರುಗಿ ಹೇಳೋಕಾಗಲ್ಲ, ಬರೆಯೋಕೂ ಆಗಲ್ಲ. ಹೌದು ಅಲ್ಲ ಅಂತ ತಲೆ ಆಡಿಸೋದು ಕೂಡ ಅದಲುಬದಲಾಗುತ್ತೆ, ಅದನ್ನ ನಂಬಬೇಡಿ. ಕೆಲವರಿಗೆ ಯಾವುದೋ ಒಂದೇ ಮಾತು ಉಳ್ಕೊಂಡಿರುತ್ತೆ. ತುಂಬಾ ಬಳಸಿದ ಮಾತು. ಎಲ್ಲದಕ್ಕೂ ಅದೇ ಬಾಯಿಗೆ ಬರುತ್ತೆ."

"ಹೌದು, ತುಂಬಾ ಬಳಸಿದಾರೆ," ಎಂದಳು ಹೆಂಡತಿ.

ಉಪ್ಪು, ಖಾರ, ಮಸಾಲೆ, ಎಣ್ಣೆ ಯಾವುದೂ ಕೂಡದು, ಗಂಜಿ ಮತ್ತು ಬೇಯಿಸಿದ ತರಕಾರಿ ಮಾತ್ರ ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಕಾಲು ಬರುವುದು ಅನುಮಾನ, ಕೈ ಮಾತ್ರ ದುಡಿಸಿದರೆ ಬಂದೀತು ಎಂದರು. ಅವನನ್ನು ಮನೆಗೆ ತಂದು ರಸ್ತೆಗೆ ತೆರೆಯುವ ಕಿಟಕಿಯ ಪಕ್ಕ ಮಂಚ ಹಾಕಿದರು. ಕೆಳಗೆ ಬಸ್ ನಿಲ್ದಾಣ, ಎದುರಿಗೆ ಬೀಗ ದುರಸ್ತಿಯ ಅಂಗಡಿ. ಎಡಗೈಗೆ ಚಮಚ ಕೊಟ್ಟರೆ ಅವನು ಎಸೆಯುತ್ತಿದ್ದ, ಹಾಗಾಗಿ ಅವಳೇ ಗಂಜಿ ಕುಡಿಸಿದಳು. ಅವನು "ಸಪ್ಪೆ" ಎಂದ. ಮದುವೆಯಾದ ಮೇಲೆ ಮೊದಲ ಸಲ ಅವನು ಸತ್ಯ ಹೇಳಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಕೀಲಿ ಈಗ ಅವಳ ಕೈಗೆ ಬಂದಿತ್ತು. ಕಪಾಟು ತೆರೆದು ನೋಡಿದರೆ ಒಂದು ಸಣ್ಣ ಹೋಟೆಲಿಗೆ ಸಾಕಾಗುವಷ್ಟು ಸಾಮಾನು. ಡಬ್ಬಿಗಳ ಮೇಲೆ ಡಬ್ಬಿ. ಅವನಿಗೆ ಮಸಾಲೆ ಹಾಕುವಂತಿಲ್ಲ, ತನ್ನೊಬ್ಬಳಿಗಾಗಿ ರುಬ್ಬಿ ಬೇಯಿಸುವ ಮನಸ್ಸು ಅವಳಿಗಿಲ್ಲ. ಇಟ್ಟರೆ ಹುಳ ಹಿಡಿಯುವುದು ಖಂಡಿತ. ಪ್ರಾಣಕ್ಕಿಂತ ಹೆಚ್ಚಾಗಿ ಅವನು ಕಾದಿಟ್ಟ ಕಾಳನ್ನು ಮಣ್ಣಿಗೆ ಹಾಕಿದರೆ ಹೇಗೆ ಎಂಬ ಯೋಚನೆ ಬಂದಾಗ ಅವಳ ಮೈಯಲ್ಲಿ ಒಂದು ಹುರುಪು ಹರಿಯಿತು. ಎಣ್ಣೆ ಡಬ್ಬ, ಹಿಡಿ ಮುರಿದ ಕಪ್ಪು, ಐಸ್‌ಕ್ರೀಮಿನ ಪ್ಲಾಸ್ಟಿಕ್ ಪೆಟ್ಟಿಗೆ, ಸಿಕ್ಕಿದ್ದಕ್ಕೆಲ್ಲ ತಳದಲ್ಲಿ ತೂತು ಕೊರೆದು ಮಣ್ಣು ತುಂಬಿಸಿದಳು. ಅವನ ಕಣ್ಣೆದುರಿಗೇ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು, ಒಂದೊಂದು ಹಿಡಿ ಕಾಳು ಎರಚಿದಳು. ಅವನು ಮುಷ್ಟಿ ಕಟ್ಟಬಲ್ಲ ಎಡಗೈಯಿಂದ ಮಂಚವನ್ನು ಗುದ್ದಿ "ಸಪ್ಪೆ! ಸಪ್ಪೆ!" ಎಂದು ಕಿರುಚಿದ.

"ಬೈಯ್ತಿದೀರಾ? ಬೈಯಿರಿ ಬೈಯಿರಿ," ಎಂದಳು ಅವಳು. "ನನಗೇನೂ ಅರ್ಥ ಆಗಲ್ಲ."

ಸಾಸಿವೆ ಮತ್ತು ಮೆಂತ್ಯ ನಾಚಿಕೆಯಿಲ್ಲದೆ ಎದ್ದು ಬಂದವು. ಜೀರಿಗೆಗೆ ಬಹಳ ಜಂಬ, ಮುಖವನ್ನೇ ತೋರಿಸಲಿಲ್ಲ. ಓಂಕಾಳು ಬಹಳ ದಿನ ಸತಾಯಿಸಿ ದಾರದಂಥ ಎಳೆ ಬಿಟ್ಟಿತು. ಕೊತ್ತಂಬರಿ ಅಲ್ಲೊಂದು ಇಲ್ಲೊಂದು ಹುಟ್ಟಿತು, ಬಕ್ಕತಲೆಯ ಮೇಲಿನ ಕೂದಲಿನ ಹಾಗೆ. ಅವಳು ಎಳೆ ಮೆಂತ್ಯ ಸೊಪ್ಪನ್ನು ಕಿತ್ತು, ಬೆಳ್ಳುಳ್ಳಿ ಜಜ್ಜಿ ಹಾಕಿ ಬಾಡಿಸಿ, ಬ್ರೆಡ್ಡಿನ ಮೇಲೆ ಹರಡಿಕೊಂಡು ಅವನ ಮಂಚದ ಪಕ್ಕದ ಸ್ಟೂಲಿನ ಮೇಲೆಯೇ ಕೂತು ತಿನ್ನುತ್ತಿದ್ದಳು. ಬಾಯಿ ಹೋದರೂ ಅವನ ಮೂಗು ಹೋಗಿರಲಿಲ್ಲ. ಮೂಗಿನ ಹೊಳ್ಳೆ ಅರಳಿ, ಸೊಟ್ಟ ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು.

"ಘಮ ಬರ್ತಿದೆಯೇನ್ರೀ?" ಎಂದು ಕೇಳಿ, ಜೊಲ್ಲು ಒರೆಸಿ, ಒಂದು ಚಮಚ ಗಂಜಿ ಬಾಯಿಗಿಡುತ್ತಿದ್ದಳು.

ಮಗಳು ಊರಿನ ಇನ್ನೊಂದು ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅಪ್ಪನನ್ನು ನೋಡಲು ಬಂದರೂ ಬಾಗಿಲ ಹತ್ತಿರವೇ ನಿಂತಿರುತ್ತಿದ್ದಳು. ಅವಳಿಗೆ ಚಿಂತೆಯಿದ್ದದ್ದು ಅಮ್ಮನದು. "ಅಪ್ಪ ತಾನೇ ಚಮಚ ಹಿಡಿಯೋ ಹಾಗಾದ್ರೆ ಸಾಕಮ್ಮ. ಹಗಲು ಹೊತ್ತು ನೀನು ನನ್ನ ಅಂಗಡಿಗೆ ಬಂದ್ಬಿಡು. ಗುಂಡಿ ಹಾಕೋಕೆ, ಅಂಚು ಮಡಿಸೋಕೆ ನನಗೆ ಜನ ಬೇಕೇ ಬೇಕು. ನಾಲ್ಕು ಮುಖ ನೋಡ್ತೀಯ, ನಗ್ತೀಯ. ಇಲ್ಲಿ ಈ ವಾಸನೆಯಲ್ಲಿ ಎಷ್ಟು ದಿನ ಅಂತ ಕೂರ್ತೀಯ?" ಎಂದಳು. ಕೈಗೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿಯನ್ನು ಗೊತ್ತು ಮಾಡಿದವಳೂ ಅವಳೇ.

ವ್ಯಾಯಾಮದ ಹುಡುಗಿ ಲವಲವಿಕೆಯವಳು. ಬಂದ ದಿನವೇ ಕಿಟಕಿಯ ಕುಂಡಗಳನ್ನು ನೋಡಿ ಕಣ್ಣರಳಿಸಿದಳು.

"ಆಂಟಿ, ಎಲ್ಲಾ ಅಂಗಡಿಯಿಂದ ತಂದ ಅಡುಗೆ ಕಾಳಾ? ಚೆನ್ನಾಗಿ ಬಂದಿದೆ. ಕೊತ್ತಂಬರಿ ಮಾತ್ರ ಯಾಕೆ ಹೀಗೆ? ಇಡೀ ಕಾಳು ಹಾಕಿದ್ರಾ? ಅದರೊಳಗೆ ಎರಡು ಬೀಜ ಇರುತ್ತೆ. ನಮ್ಮಮ್ಮ ಲೋಟದ ತಳದಲ್ಲಿ ಮೆಲ್ಲಗೆ ಉಜ್ಜಿ ಹೋಳು ಮಾಡಿ, ನೆನೆಸಿಟ್ಟು, ಆಮೇಲೆ ಬಿತ್ತಾರೆ." ಹೇಳುತ್ತಿದ್ದಂತೆಯೇ ಅವಳಿಗೆ ಏನೋ ಹೊಳೆಯಿತು. ಮಂಚದ ಕಡೆ ತಿರುಗಿ, "ಅಂಕಲ್, ಇನ್ಮೇಲೆ ಇದು ನಿಮ್ಮ ಕೆಲಸ!" ಎಂದಳು.

ಅಂಚಿರುವ ತಟ್ಟೆಯಲ್ಲಿ ಒಂದು ಹಿಡಿ ಕೊತ್ತಂಬರಿ ಕಾಳು. ಅದರ ಮೇಲೆ ಸ್ಟೀಲಿನ ಲೋಟ. ಲೋಟದ ಮೇಲೆ ಅವನ ಸತ್ತ ಬಲಗೈ, ಅದರ ಮೇಲೆ ಎಡಗೈ. ಒತ್ತಬೇಕು, ತಿರುಗಿಸಬೇಕು. ಹೆಚ್ಚು ಒತ್ತಿದರೆ ಕಾಳು ಪುಡಿ, ಕಡಿಮೆಯಾದರೆ ಜಾರಿ ಓಡುತ್ತದೆ. ಹದ ಬೇಕು, ಮತ್ತು ಹದ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮೊದಮೊದಲು ಲೋಟ ಉರುಳಿ ಕಾಳೆಲ್ಲ ಹಾಸಿಗೆಯ ಪಾಲಾಗುತ್ತಿತ್ತು. ಅವನು ಬೆವರುತ್ತಿದ್ದ, ಉಗುಳು ಹಾರಿಸುತ್ತ "ಸಪ್ಪೆ" ಎಂದು ಲೋಟವನ್ನೇ ಬೈಯುತ್ತಿದ್ದ, ಆದರೆ ಬಿಡುತ್ತಿರಲಿಲ್ಲ. "ನೀವೇ ಒಡೆದ ಕಾಳು ಮೊಳಕೆ ಬರಲಿ ನೋಡಿ ಅಂಕಲ್. ಆ ಸೊಪ್ಪನ್ನ ನಿಮ್ಮ ಕೈಯಾರೆ ಕಿತ್ತು ಗಂಜಿಗೆ ಹಾಕ್ಕೊಳ್ಳಿ. ಡಾಕ್ಟ್ರು ಸೊಪ್ಪು ಬೇಡ ಅಂದಿಲ್ಲ," ಎಂದು ಹುಡುಗಿ ಆಸೆ ಹಚ್ಚಿದ್ದಳು. ಅವನ ಕಣ್ಣು ಆಗ ಹೇಗೆ ಬೆಳಗಿತೆಂದರೆ, ಎಷ್ಟೋ ವರ್ಷಗಳಿಂದ ಅವನ ಜೊತೆ ಬಾಳಿದ ಹೆಂಡತಿಯೂ ಅದನ್ನು ನೋಡಿರಲಿಲ್ಲ.

ಒಂದು ದಿನ ಅವಳು ಬಟ್ಟೆ ಮಡಿಸುತ್ತ ಕೂತಿದ್ದಾಗ ಅತ್ತ ಕಣ್ಣು ಹೋಯಿತು. ಎಡಗೈ ಪಕ್ಕಕ್ಕೆ ಸರಿದಿತ್ತು. ಬಲಗೈಯ ತೋರುಬೆರಳು ತಾನಾಗಿ ಮಡಿಚಿ ಲೋಟದ ಸುತ್ತ ಕೂತಿತು.

"ಆಂಟಿ, ನೋಡಿದ್ರಾ? ನೋಡಿದ್ರಾ?" ಎಂದು ಹುಡುಗಿ ಚಪ್ಪಾಳೆ ತಟ್ಟಿದಳು.

ಅವಳೂ ನಕ್ಕಳು. ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆ ಬೆರಳು ಮಡಿಚಿದ ರೀತಿ ಅವಳಿಗೆ ಗೊತ್ತಿತ್ತು. ಕಾಲು ಬಂದರೆ ಮನುಷ್ಯ ಎದ್ದು ಹೊರಗಾದರೂ ಹೋದಾನು. ಕೈ ಬಂದರೆ ಇವನು ಮೊದಲು ಹುಡುಕುವುದು ಸೌಟನ್ನು. ಕೀಲಿಯನ್ನು. ಅವಳ ಮಣಿಕಟ್ಟನ್ನು. ಅವಳ ಕೈಯಿಂದ ತುತ್ತು ತಿನ್ನುವ ಈ ಸೌಟಪ್ಪನನ್ನು ಅವಳು ಹೇಗೋ ಸಹಿಸಿದ್ದಳು. ನಿಜ ಹೇಳಬೇಕೆಂದರೆ ಇಷ್ಟಪಡತೊಡಗಿದ್ದಳು. ಹಾಸಿಗೆಯಿಂದಲೇ ಕೈಯೆತ್ತಬಲ್ಲ ಸೌಟಪ್ಪನ ಜೊತೆ ಮತ್ತೆ ಅದೇ ಮನೆಯಲ್ಲಿ ಬದುಕುವುದು ಅವಳಿಂದ ಸಾಧ್ಯವಿರಲಿಲ್ಲ. ಮಗಳ ಅಂಗಡಿಯಾಗಲಿ, ನಾಲ್ಕು ಮುಖವಾಗಲಿ ಆ ಕ್ಷಣಕ್ಕೆ ಅವಳ ತಲೆಗೇ ಬರಲಿಲ್ಲ. ಭಯ ಬಂದ ತಲೆಯಲ್ಲಿ ಬೇರೆ ಯಾವುದಕ್ಕೂ ಜಾಗವಿರುವುದಿಲ್ಲ.

ಅವನು ಒಡೆದ ಕಾಳು ಬಟ್ಟಲು ತುಂಬಿದ ದಿನ ಅವಳು ಅದನ್ನು ಎರಡು ಪಾಲು ಮಾಡಿದಳು. ಒಂದು ಪಾಲನ್ನು ಬಾಣಲೆಗೆ ಸುರಿದು ಸಣ್ಣ ಉರಿಯಲ್ಲಿ ಕೈಯಾಡಿಸಿದಳು. ಬಣ್ಣ ತಿರುಗುವ ಮುಂಚೆ ಇಳಿಸಬೇಕು. ಇಳಿಸಿದಳು. ಕಾಳು ಬಿಸಿಯಾಗಿ, ಒಳಗಿನ ಜೀವ ಸತ್ತು, ಮೇಲೆ ಎಳ್ಳಷ್ಟೂ ಗೊತ್ತಾಗದ ಹಾಗೆ, ಅವನು ಜೀವಮಾನವಿಡೀ ಬಡಿದುಕೊಂಡ ಹಾಗೆ ಸರಿಯಾಗಿ ಹುರಿದಳು. ಅವಳ ಕೈಯಿಂದ ಅಷ್ಟು ಹದವಾಗಿ ಕೊತ್ತಂಬರಿ ಹುರಿದು ಬಂದದ್ದು ಅದೇ ಮೊದಲು.

ಆರಿದ ಮೇಲೆ ಅದನ್ನು ತಂದು, ಅವನ ತಲೆದೆಸೆಯ ಹತ್ತಿರದ ಕುಂಡದಲ್ಲಿ, ವ್ಯಾಯಾಮದ ಹುಡುಗಿಯ ಎದುರಿಗೇ ಬಿತ್ತಿದಳು. ಹುಡುಗಿ ಮೇಲೆ ಮಣ್ಣು ಉದುರಿಸಿದಳು. ಅವನು ಕತ್ತು ಚಾಚಿ ನೋಡುತ್ತಿದ್ದ. ಮಣ್ಣಿಗೆ ನೀರು ಬಿದ್ದದ್ದೇ ತಡ, ಅವನ ಹೊಳ್ಳೆಗಳು ಅರಳಿದವು. ಒಮ್ಮೆ ಮೂಸಿದ. ಮತ್ತೊಮ್ಮೆ ಮೂಸಿದ. ಮಾಮೂಲಿ ಮೂಗಿಗೆ ಅದು ಒದ್ದೆ ಮಣ್ಣು ಅಷ್ಟೇ. ಅವನ ಮೂಗಿಗೆ ಒಲೆಯಿಂದ ಇಳಿಸಿದ ಕೊತ್ತಂಬರಿ. ಅವನು ಮೆಲ್ಲಗೆ ತಲೆ ತಿರುಗಿಸಿ ಹೆಂಡತಿಯನ್ನು ನೋಡಿದ.

"ಸಪ್ಪೆ," ಎಂದ. ಆಮೇಲೆ ಹುಡುಗಿಯ ಕಡೆ ತಿರುಗಿ, ಕುಂಡದ ಕಡೆ ಗದ್ದ ಆಡಿಸುತ್ತ, "ಸಪ್ಪೆ! ಸಪ್ಪೆ! ಸಪ್ಪೆ!"

"ಏನಂತೆ ಆಂಟಿ?"

"ನೀರು ಕಮ್ಮಿ ಆಯ್ತು ಅಂತಾರೆ," ಎಂದು ಅವಳು ಇನ್ನೊಂದು ಲೋಟ ನೀರು ಹಾಕಿದಳು.

ಎರಡನೇ ಪಾಲನ್ನು ಹುರಿಯದೆ ಅಡುಗೆಮನೆಯ ಹಿಂದಿನ ಪುಟ್ಟ ಬಾಲ್ಕನಿಯಲ್ಲಿ ಬಿತ್ತಿದ್ದಳು. ಅದು ದಟ್ಟವಾಗಿ ಹುಟ್ಟಿತು. ಮೊದಲು ಎರಡು ಉದ್ದ ಎಲೆ, ಅದರ ನಡುವಿನಿಂದ ಗೀರು ಗೀರಾದ ನಿಜವಾದ ಕೊತ್ತಂಬರಿ ಎಲೆ. ಅವನ ತಲೆದೆಸೆಯ ಕುಂಡದಲ್ಲಿ ಪಾಚಿ ಬಿಟ್ಟು ಬೇರೇನೂ ಹುಟ್ಟಲಿಲ್ಲ. ಒಂದು ಬೆಳಿಗ್ಗೆ ಅವಳು ಹಿಂದಿನ ಕುಂಡವನ್ನು ಎತ್ತಿಕೊಂಡು ಬಂದು ಅವನ ಕುಂಡದ ಪಕ್ಕದಲ್ಲೇ ಇಟ್ಟಳು.

"ನೋಡಿ, ಇದು ನಾನು ಒಡೆದದ್ದು," ಎಂದಳು. "ಅದು ನೀವು ಒಡೆದದ್ದು."

ಹುಡುಗಿ ಪಾಪ, ಸಮಾಧಾನ ಮಾಡಲು ನೋಡಿದಳು. ಅಂಗಡಿಯ ಕಾಳು ಹಳೆಯದಿರಬೇಕು ಎಂದಳು. ತಾನು ಆರಿಸಿ ತಂದ ಕಾಳಿಗೆ ಹಾಗೆಂದದ್ದು ಅವನಿಗೆ ಉರಿಯುವ ಗಾಯಕ್ಕೆ ಖಾರ ಹಚ್ಚಿದಂತಾಯಿತು. ಮತ್ತೆ ಒಡೆಸಿದಳು. ಹೆಂಡತಿ ಮತ್ತೆ ಹುರಿದಳು. ಮತ್ತೆ ಬೋಳು ಕುಂಡ. ಮೂರನೇ ಸಲ ತಟ್ಟೆ ಮುಂದಿಟ್ಟಾಗ ಅವನು ಬಹಳ ಹೊತ್ತು ಹೆಂಡತಿಯ ಮುಖವನ್ನೇ ನೋಡಿದ. ಕಿರುಚಲಿಲ್ಲ, ಮಂಚ ಗುದ್ದಲಿಲ್ಲ. ಎಡಗೈಯಿಂದ ಲೋಟವನ್ನು ತಟ್ಟೆಯ ಆಚೆಗೆ ತಳ್ಳಿ ಕಣ್ಣು ಮುಚ್ಚಿದ. ಅಂದಿನಿಂದ ಬಲಗೈ ಅಲ್ಲಾಡಲಿಲ್ಲ. ಹುಡುಗಿ ಮುದ್ದು ಮಾಡಿದಳು, ಗದರಿಸಿದಳು, ಕೆಲವು ವಾರ ಒದ್ದಾಡಿ ಕೈಚೆಲ್ಲಿದಳು.

"ಮನಸ್ಸೇ ಇಲ್ಲದಿದ್ರೆ ನಾನೇನು ಮಾಡ್ಲಿ ಆಂಟಿ? ಇಷ್ಟು ಬಂದಿದ್ದ ಕೈ ಹೀಗೆ ವಾಪಸ್ ಹೋಗಿದ್ದನ್ನ ನಾನು ನೋಡೇ ಇಲ್ಲ. ಇನ್ನು ಎಲ್ಲಾ ನಿಮ್ಮ ಕೈಯಲ್ಲೇ. ತಿನ್ನಿಸೋದು, ತೊಳೆಯೋದು, ಹೊರಳಿಸೋದು. ಹೃದಯ ಗಟ್ಟಿಯಾಗಿದೆ, ಬಿಪಿ ಚೆನ್ನಾಗಿದೆ. ಇಪ್ಪತ್ತು ವರ್ಷ ಹೀಗೇ ಇದ್ದವರೂ ಇದಾರೆ."

ಇಪ್ಪತ್ತು ವರ್ಷ ಎಂಬ ಮಾತು ಅವಳ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಗೆ ಹೋಯಿತು. ಗೆದ್ದ ಖುಷಿಯಲ್ಲಿದ್ದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಗೆಲುವಿನ ಗುರುತಾಗಿ ಹಸಿರು ಕುಂಡವನ್ನು ಅವನ ತಲೆದೆಸೆಯಲ್ಲೇ ಬಿಟ್ಟಿದ್ದಳು. ಬೇಕೆಂದಾಗ ಅಲ್ಲಿಂದಲೇ ಕಿತ್ತು ತನ್ನ ತಟ್ಟೆಗೆ ಉದುರಿಸಿಕೊಳ್ಳುತ್ತಿದ್ದಳು. ಆದರೆ ದಿನ ಕಳೆದಂತೆ ಅವನನ್ನು ಹೊರಳಿಸಿ ಹೊರಳಿಸಿ ಅವಳ ಸೊಂಟ ಹಿಡಿಯಿತು. ಅರ್ಧ ಗಂಟೆ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹಾಸಿಗೆ ಒದ್ದೆ. ಮಂಚದ ಬಲಗಡೆ ಮೂತ್ರದ ಬಾಟಲಿ ನೇತುಹಾಕಿದ್ದಳು, ಎಡಗೈಗೆ ಅದು ಎಟುಕದು, ಹಿಡಿಯಲು ಅವಳೇ ಬೇಕು. ಮಗಳ ಅಂಗಡಿಯ ಮಾತು ಅವಳಿಗೆ ನೆನಪಾಗತೊಡಗಿದ್ದು ಆಗ. ಗುಂಡಿ ಹಾಕುತ್ತ, ನಾಲ್ಕು ಜನರ ನಡುವೆ ಕೂತು ನಗುವುದು. ಆ ಚಿತ್ರ ಒಮ್ಮೆ ಕಣ್ಣಿಗೆ ಕಟ್ಟಿದ್ದೇ ತಡ, ಬೆಳಗಿನಿಂದ ಸಂಜೆಯವರೆಗೂ ಬಿಡಲಿಲ್ಲ. ಒಂದು ಚಮಚ ಹಿಡಿಯುವಷ್ಟು ಕೈ ಬಂದಿದ್ದರೆ ಸಾಕಿತ್ತು ಎಂದುಕೊಂಡಳು. ಅಷ್ಟೇ ಬಂದು ಅಲ್ಲಿಗೇ ನಿಂತಿದ್ದರೆ. ಕೈ ಹಾಗೆ ಅಳತೆಯಲ್ಲಿ ಬರುತ್ತದೆಯೇ?

ಕುಂಡದ ಎಲೆಗಳು ಕಡಿಮೆಯಾಗುತ್ತಿದ್ದವು. ಗುಬ್ಬಿ ಇರಬೇಕೆಂದು ಕಿಟಕಿಗೆ ಬಲೆ ಹಾಕಿಸಿದಳು. ಆದರೂ ಕಡಿಮೆಯಾದವು. ಹಾಸಿಗೆಯ ಬಟ್ಟೆ ಒಗೆಯುವಾಗ ಒಡೆದ ಕೊತ್ತಂಬರಿ ಹೋಳುಗಳು ಸಿಗುತ್ತಿದ್ದವು. ಹಿಂದೆ ತಟ್ಟೆಯಿಂದ ಚೆಲ್ಲಿದ್ದು ಇನ್ನೂ ಮುಗಿದಿಲ್ಲವಲ್ಲ ಎಂದು ಗೊಣಗಿಕೊಂಡು ಝಾಡಿಸಿ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಹಾಲು ತರಲು ಹೊರಟವಳು ಚೀಲ ಮರೆತು ಅರ್ಧ ಮೆಟ್ಟಿಲಿನಿಂದ ವಾಪಸ್ ಬಂದಳು. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದಳು, ಸದ್ದಾಗಲಿಲ್ಲ. ಕೋಣೆಯ ಬಾಗಿಲು ಓರೆಯಾಗಿತ್ತು. ಸೌಟಪ್ಪ ತಲೆದಿಂಬಿಗೆ ಒರಗಿ ಕೂತಿದ್ದ. ಅವನ ಬಲಗೈ ಕಿಟಕಿಯ ಕಟ್ಟೆಯವರೆಗೆ ಚಾಚಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ನುರಿತ ಅಡುಗೆಯವನು ಕೀಳುವ ಹಾಗೆ ಬೇರು ಅಲುಗದಂತೆ, ಒಂದು ಕೊತ್ತಂಬರಿ ಎಲೆಯನ್ನು ಚಿವುಟಿ ತೆಗೆದ. ಬೆರಳ ನಡುವೆ ತಿಕ್ಕಿ ಮೂಸಿದ. ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದ.

ಬಾಗಿಲು ಕಿರುಗುಟ್ಟಿತು. ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ. ಗಾಬರಿಯಾಗಲಿಲ್ಲ. ಚಾಚಿದ ಕೈಯನ್ನು ಆರಾಮವಾಗಿ ಹಿಂದಕ್ಕೆ ತಂದು, ಹೊಟ್ಟೆಯ ಪಕ್ಕ ಅಂಗೈ ಮೇಲಾಗಿ ಇಟ್ಟು, ಬೆರಳುಗಳನ್ನು ಸಡಿಲ ಬಿಟ್ಟ. ಅದು ಮತ್ತೆ ಸತ್ತ ಕೈಯಾಯಿತು. ಆಮೇಲೆ ಮುಖದ ನೆಟ್ಟಗಿದ್ದ ಅರ್ಧದಿಂದ ನಕ್ಕ.

ಹಾಸಿಗೆಯ ಬಟ್ಟೆಯಲ್ಲಿ ಸಿಗುತ್ತಿದ್ದ ಹೋಳುಗಳು ಎಲ್ಲಿಯವು ಎಂದು ಅವಳಿಗೆ ಈಗ ಹೊಳೆಯಿತು. ಹೊದಿಕೆಯ ಒಳಗೆ, ಅವಳು ಅಡುಗೆಮನೆಯಲ್ಲಿದ್ದಾಗ, ಅಂಗಡಿಗೆ ಹೋದಾಗ, ಅವನು ಹಿಂದೆ ಹಾಸಿಗೆಗೆ ಚೆಲ್ಲಿದ್ದ ಒಂದೊಂದೇ ಕಾಳನ್ನು ಬೆರಳಲ್ಲಿ ಉರುಳಿಸಿ ಒಡೆಯುತ್ತಿದ್ದ. ಕೈಯನ್ನು ತಾನೇ ದುಡಿಸಿ ತಂದುಕೊಂಡಿದ್ದ, ತಂದುಕೊಂಡು ಬಚ್ಚಿಟ್ಟಿದ್ದ. ನನ್ನ ಕೈ ಸಾಯಬೇಕು ತಾನೇ ನಿನಗೆ? ತಗೋ, ಸತ್ತಿದೆ. ಇನ್ನು ಸತ್ತ ಕೈಯವನನ್ನು ಹೊತ್ತು ತಿರುಗು. ಇಷ್ಟನ್ನೂ ಅವನು ಒಂದೇ ಒಂದು ಮಾತಿಲ್ಲದೆ ಹೇಳಿ ಮುಗಿಸಿದ್ದ.

ಅವಳು ವ್ಯಾಯಾಮದ ಹುಡುಗಿಗೆ ಫೋನು ಮಾಡಿದಳು. ಮಗಳಿಗೂ ಮಾಡಿದಳು. ಇಬ್ಬರೂ ಓಡಿ ಬಂದರು. ಹುಡುಗಿ ಕೈ ಎತ್ತಿ ಬಿಟ್ಟಳು, ಅದು ದೊಪ್ಪನೆ ಬಿತ್ತು. ಚಿವುಟಿದಳು, ಸೂಜಿಯಿಂದ ಚುಚ್ಚಿದಳು. ಊಹೂಂ. ಸೌಟಪ್ಪ ಹುಡುಗಿಯ ಮುಖವನ್ನು ದೈನ್ಯದಿಂದ ನೋಡಿ "ಸಪ್ಪೆ" ಎಂದ.

"ನಾಟಕ ಆಡ್ತಿದಾರೆ! ನಾನು ಕಣ್ಣಾರೆ ನೋಡಿದೀನಿ, ಎಲೆ ಕಿತ್ಕೊಂಡು ತಿಂದ್ರು!" ಎಂದು ಅವಳು ಬಾಯಿ ಬಡಿದುಕೊಂಡಳು.

ಹುಡುಗಿ ಅವಳ ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದಳು. "ಆಂಟಿ, ಎಷ್ಟೋ ಮನೆಯಲ್ಲಿ ಹೀಗಾಗುತ್ತೆ. ತುಂಬಾ ಆಸೆ ಇಟ್ಕೊಂಡಿರೋರಿಗೆ ಹಾಗೆ ಕಾಣುತ್ತೆ. ನೀವು ಸ್ವಲ್ಪ ರೆಸ್ಟ್ ತಗೊಳ್ಳಿ."

"ಅಮ್ಮ, ನಿನಗೆ ನಿದ್ದೆ ಸಾಲದು," ಎಂದಳು ಮಗಳು.

ಅವರು ಹೋದ ಮೇಲೆ ಅವಳು ಅವನೆದುರು ಕೂತು ಬೇಡಿಕೊಂಡಳು. ಹೌದು, ಬೇಡಿಕೊಂಡಳು. "ರೀ, ತಪ್ಪಾಯ್ತು. ಕಾಳು ಹುರಿದು ಹಾಕಿದ್ದು ನಾನೇ. ಚಮಚ ಹಿಡ್ಕೊಳ್ಳಿ, ಅಷ್ಟು ಸಾಕು. ಕೀಲಿನೂ ನಿಮಗೇ ಕೊಡ್ತೀನಿ." ಅವನು ಬಸ್ ನಿಲ್ದಾಣದ ಕಡೆ ನೋಡುತ್ತ ಮಲಗಿದ್ದ. ಮರುದಿನವೂ ಬೇಡಿದಳು. ಬೇಡಿ ಬೇಡಿ ಅವಳ ಒಳಗೆ ಏನೋ ಹರಿದುಹೋಯಿತು. ಅಡುಗೆಮನೆಗೆ ಹೋಗಿ ಸೌಟನ್ನು ಉರಿಯ ಮೇಲೆ ಹಿಡಿದಳು. ತಂದು ಅವನ ಬಲಗೈಯ ಹತ್ತಿರಕ್ಕೆ ಒಯ್ದಳು.

"ಎಳ್ಕೊಳ್ಳಿ," ಎಂದಳು. "ಕೈ ಹಿಂದಕ್ಕೆ ಎಳ್ಕೊಂಡ್ರೆ ಬಿಟ್ಬಿಡ್ತೀನಿ."

ಅವನು ಎಳೆದುಕೊಳ್ಳಲಿಲ್ಲ. ಸೌಟು ತಾಗಿತು. ಅವನ ಹಣೆಯ ಮೇಲೆ ಬೆವರು ಸಾಲಾಗಿ ಮೂಡಿತು, ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯಿತು, ಎಡಗೈ ಹಾಸಿಗೆಯ ಬಟ್ಟೆಯನ್ನು ಹಿಂಡಿ ಹಿಡಿಯಿತು. ಬಲಗೈಯ ಒಂದು ಬೆರಳೂ ಅದುರಲಿಲ್ಲ. ಕಣ್ಣು ಮಾತ್ರ ಅವಳ ಮೇಲೇ ಇತ್ತು. ಕೊನೆಗೆ ಕಿರುಚಿ ಸೌಟನ್ನು ಎಸೆದವಳು ಅವಳೇ.

ವಾರದ ಕೊನೆಗೆ ಮಗಳು ಬಂದಾಗ ಆ ಗುಳ್ಳೆ ಒಡೆದು ಹಸಿಯಾಗಿತ್ತು. "ಇದೇನಮ್ಮ?" ಎಂದಳು.

"ಕೈ ಆಡುತ್ತೋ ಅಂತ ನೋಡಿದೆ," ಎಂದಳು ಇವಳು. ಸುಳ್ಳು ಹೇಳಲು ತೋಚಲಿಲ್ಲ. ಹೇಳಬೇಕಿತ್ತು.

ಮಗಳು ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಬಾಗಿಲ ಹತ್ತಿರವೇ ನಿಲ್ಲುತ್ತಿದ್ದವಳು ಮಂಚದವರೆಗೆ ನಡೆದು ಹೋದಳು. ಅಪ್ಪನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಮುಲಾಮು ಹಚ್ಚಿದಳು, ಮೇಲೆ ಮೃದುವಾಗಿ ಊದಿದಳು. ಬುದ್ಧಿ ತಿಳಿದ ಮೇಲೆ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. ಸೌಟಪ್ಪ ಗೊಳೋ ಎಂದು ಅತ್ತ. ಅದು ನಾಟಕವೋ ನಿಜವೋ ನಾನು ಹೇಳಲಾರೆ. ಅವನಿಗೂ ಗೊತ್ತಿತ್ತೋ ಇಲ್ಲವೋ.

"ಅಪ್ಪ ಏನು ಅಂತ ನನಗೆ ಗೊತ್ತು," ಎಂದಳು ಮಗಳು, ಹೊರಡುವಾಗ, ಅಮ್ಮನ ಮುಖ ನೋಡದೆ. "ನೀನೂ ಹೀಗೆ ಅಂತ ಗೊತ್ತಿರಲಿಲ್ಲ. ಅಂಗಡಿಗೆ ಬಾ ಅಂತ ಇನ್ನು ಕರೆಯಲ್ಲ. ಇವರನ್ನ ನೆಟ್ಟಗೆ ನೋಡ್ಕೊ. ನಾನು ಬಂದು ಬಂದು ಮೈ ನೋಡ್ತಿರ್ತೀನಿ. ಇನ್ನೊಂದು ಗುರುತು ಕಂಡ್ರೆ ಅಮ್ಮ ಅಂತಾನೂ ನೋಡಲ್ಲ."

ಮೆಟ್ಟಿಲಿನ ಮೇಲೆ ಮಗಳ ಹೆಜ್ಜೆ ಸದ್ದು ಇಳಿದು ಹೋಯಿತು. ಕೆಳಗೆ ಬಸ್ಸು ಬಂತು, ಹೋಯಿತು. ಹೆಂಡತಿ ಸ್ಟೂಲಿನ ಮೇಲೆ ಕುಸಿದು ಕೂತಳು. ಸೊಂಟ ಸಿಡಿಯುತ್ತಿತ್ತು.

"ಎಷ್ಟು ವರ್ಷ ಹೀಗೆ?" ಎಂದು ಕೇಳಿದಳು. ಈಗ ಸಿಟ್ಟೂ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು.

ಸೌಟಪ್ಪ ಅವಳನ್ನು ನೋಡಿದ. ಪಟ್ಟಿ ಸುತ್ತಿದ ಬಲಗೈಯನ್ನು ನಿಧಾನವಾಗಿ ಎತ್ತಿ, ಮಂಚದ ಅಂಚಿನಲ್ಲಿ ನೇತಾಡುತ್ತಿದ್ದ ಮೂತ್ರದ ಬಾಟಲಿಯನ್ನು ಕೊಕ್ಕೆಯಿಂದ ಬಿಡಿಸಿದ. ಕೈ ನಡುಗಲಿಲ್ಲ. ಬಾಟಲಿಯನ್ನು ಆಚೆ ಕಿಟಕಿಯ ಕಟ್ಟೆಯ ಮೇಲೆ ಬೀಳದ ಹಾಗೆ ಇಟ್ಟ. ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು, ಸುಕ್ಕು ಸರಿ ಮಾಡಿ, ಕೈಯನ್ನು ಪಕ್ಕಕ್ಕೆ ಇಳಿಸಿ ಬೆರಳು ಸಡಿಲ ಬಿಟ್ಟ. ಆಮೇಲೆ ಅವಳ ಮುಖವನ್ನೇ ನೋಡುತ್ತ, ನೆಮ್ಮದಿಯಾಗಿ, ಹಾಸಿಗೆಯಲ್ಲೇ ಉಚ್ಚೆ ಹೊಯ್ದ.

ಹೊದಿಕೆಯ ಅಂಚಿನವರೆಗೂ ಒದ್ದೆ ಹರಡಿತು. ಅವಳು ಎದ್ದು ಬೇರೆ ಬಟ್ಟೆ ತರಲು ಹೋದಳು.